9ನೇ ತರಗತಿ ಕೆರೆ ಪ್ರಾಜೆಕ್ಟ್: ಕಾಪಿ-ಪೇಸ್ಟ್ ಬಿಡಿಸುವುದು ಹೇಗೆ? ಪಿಪಿಟಿಯಲ್ಲಿ ಕನ್ನಡ ಕೆಡುವುದೇಕೆ?

ಸಮಾಜ_ಮೇಡಂ:
ಊರ ಕೆರೆಯ ಬಗ್ಗೆ 9ನೇ ತರಗತಿ ಮಕ್ಕಳಿಂದ ಪ್ರಾಜೆಕ್ಟ್ ಮಾಡಿಸಬೇಕು. ನೆಟ್ ಇರುವ ಕಂಪ್ಯೂಟರ್ ನಾಲ್ಕೇ. "ಕೆರೆಗಳ ಮಹತ್ವ" ಎಂದು ಹುಡುಕಿ, ಮೊದಲು ಸಿಕ್ಕ ಪ್ಯಾರಾವನ್ನೇ ಎಲ್ಲ ಗುಂಪಿನವರೂ ಇಳಿಸುತ್ತಾರೆ. ಜೊತೆಗೆ, ಲ್ಯಾಬಿನಲ್ಲಿ ನುಡಿ ಫಾಂಟ್‌ನಲ್ಲಿ ಮಾಡಿದ ಪಿಪಿಟಿ ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅಕ್ಷರವೆಲ್ಲ ಚಿತ್ರವಿಚಿತ್ರ. ಏನು ಮಾಡಬಹುದು?

ಕೆರೆದಂಡೆ:
ಪ್ರಶ್ನೆಯನ್ನೇ ಬದಲಿಸಿ ಮೇಡಂ. ಕೆರೆಯ ಮಹತ್ವಕ್ಕೆ ನೆಟ್‌ನಲ್ಲಿ ಸಿದ್ಧ ಉತ್ತರ ಇದೆ. "ನಮ್ಮ ಕೆರೆ 15 ವರ್ಷದಲ್ಲಿ ಎಷ್ಟು ಗುಂಟೆ ಕಳೆದುಕೊಂಡಿದೆ?" ಎಂಬುದಕ್ಕೆ ಇಲ್ಲ, ಅಳೆಯಲೇಬೇಕು.

ಗೂಗಲ್ ಅರ್ಥ್ ಪ್ರೊ ಉಚಿತ, ಕಂಪ್ಯೂಟರಿಗೆ ಹಾಕಿಕೊಳ್ಳಿ. ಮೇಲಿನ ಗಡಿಯಾರದ ಗುರುತು ಒತ್ತಿದರೆ ಹಳೆಯ ಉಪಗ್ರಹ ಚಿತ್ರಗಳು ಬರುತ್ತವೆ. ರೂಲರ್‌ನಲ್ಲಿ ಪಾಲಿಗನ್ ಆರಿಸಿ ಕೆರೆಯ ಸುತ್ತ ಚುಕ್ಕಿ ಇಡುತ್ತಾ ಬಂದರೆ ವಿಸ್ತೀರ್ಣ ಸಿಗುತ್ತದೆ. ಏಕಮಾನ ಎಕರೆ ಇರಲಿ, 40 ಗುಂಟೆಯ ಲೆಕ್ಕ ಮಕ್ಕಳಿಗೆ ಗೊತ್ತೇ ಇರುತ್ತದೆ.

ತಪ್ಪಾಗುವುದು ಇಲ್ಲಿ. ಒಂದು ಚಿತ್ರ ಏಪ್ರಿಲ್‌ದು, ಇನ್ನೊಂದು ನವೆಂಬರ್‌ದು ಆದರೆ ಬೇಸಿಗೆಯಲ್ಲಿ ಒಣಗಿದ್ದನ್ನೇ ಒತ್ತುವರಿ ಅಂದುಕೊಳ್ಳುತ್ತಾರೆ. ಎರಡೂ ಒಂದೇ ತಿಂಗಳದಿರಲಿ. ಅಂತರಗಂಗೆ ಎಂಬ ತೇಲುವ ಕಳೆ ಹಬ್ಬಿದ ನೀರು ಮೇಲಿನಿಂದ ಹಸಿರು ಗದ್ದೆಯಂತೆ ಕಾಣುತ್ತದೆ. ಹಾಗಾಗಿ ನೀರಿನ ಅಂಚಲ್ಲ, ಏರಿ, ಕೋಡಿ ಮತ್ತು ಅಂಗಳದ ಗಡಿ ಹಿಡಿದು ಗುರುತಿಸಲಿ. 1985ರ ಆಸುಪಾಸಿನ ಚಿತ್ರಗಳನ್ನು ಬಿಟ್ಟುಬಿಡಿ. ಅವು ಲ್ಯಾಂಡ್‌ಸ್ಯಾಟ್ ಉಪಗ್ರಹದವು, ಒಂದು ಪಿಕ್ಸೆಲ್ (ಚಿತ್ರದ ಒಂದು ಚುಕ್ಕಿ) ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಎಕರೆಗೆ ನಾಲ್ಕೂವರೆ ಪಿಕ್ಸೆಲ್ ಅಷ್ಟೇ. ಸಣ್ಣ ಕೆರೆಗೆ ಆ ಲೆಕ್ಕ ನಿಲ್ಲುವುದಿಲ್ಲ.

ಕೆರೆಯ ಬಳಿ ನಿಂತು ರಾಜ್ಯ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರಿನ ಪಹಣಿಯಲ್ಲಿರುವ ವಿಸ್ತೀರ್ಣವನ್ನು ಪಕ್ಕದಲ್ಲಿಟ್ಟು ನೋಡಿದರೆ ನಿಜವಾದ ಚರ್ಚೆ ಅಲ್ಲಿಂದ ಶುರು.

ಶಾಸನಪ್ರಿಯ:
ಹಳೇ ಮೈಸೂರು ಅಥವಾ ಕೊಡಗಿನ ಕಡೆಯವರಾದರೆ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಹೆಚ್ಚಿನ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಇದೆ. ಕೆರೆ ಕಟ್ಟಿಸಿದ, ತೂಬು ಇಡಿಸಿದ ಶಾಸನಗಳು ಬೇಕಾದಷ್ಟು. ಊರಿನ ಹೆಸರಿನ ಸ್ಪೆಲಿಂಗ್ ಹಳೇ ಕಾಲದ್ದು, ಆದ್ದರಿಂದ ಹುಡುಕಾಟದಲ್ಲಿ ಸಿಗದಿದ್ದರೆ ತಾಲ್ಲೂಕಿನ ಪುಟಗಳನ್ನೇ ತಿರುವಬೇಕು. ಗೂಗಲ್ ಲೆನ್ಸ್‌ನಿಂದ ಕನ್ನಡ ಪುಟದ ಫೋಟೊದಲ್ಲಿನ ಅಕ್ಷರ ಎತ್ತಿಕೊಂಡರೆ ಪ-ಷ, ಥ-ಧ ಅದಲುಬದಲಾಗಬಹುದು. ಒಬ್ಬರು ಮೂಲ ಓದುತ್ತಾ ಇನ್ನೊಬ್ಬರು ತಿದ್ದಲಿ. ಎಐ ಹೇಳಿದ ಯಾವ ಇಸವಿಯನ್ನೂ ಮೂಲದ ಪುಟ ತೋರಿಸದ ಹೊರತು ಒಪ್ಪಬೇಡಿ. ಇಲ್ಲದ ಶಾಸನಕ್ಕೂ ಸಂಖ್ಯೆ ಕೊಡುತ್ತದೆ ಅದು.

ಲ್ಯಾಬ್_ಮೇಷ್ಟ್ರು:
ಫಾಂಟ್ ವಿಷಯ. ನುಡಿಯ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರ-ಚಿಹ್ನೆಗಳನ್ನು, ಕನ್ನಡದ ರೂಪ ಕೊಡುವುದು ಫಾಂಟ್ ಮಾತ್ರ. ಅದು ಇಲ್ಲದ ಕಡೆ ಬಣ್ಣ ಬಯಲು. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅಂಟಿಸಿ. ಕನ್ನಡವಾಗಿಯೇ ಕಂಡರೆ ಯೂನಿಕೋಡ್ (ಕನ್ನಡ ಅಕ್ಷರವನ್ನೇ ಉಳಿಸಿಕೊಳ್ಳುವ ಪದ್ಧತಿ), ಇಲ್ಲದಿದ್ದರೆ ಆಸ್ಕಿ. ಆಸ್ಕಿಯಲ್ಲಿರುವುದನ್ನು ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಲ್ಲಿ ಇನ್ನೊಮ್ಮೆ ನೋಡಿ. ಮುಂದಿನದೆಲ್ಲ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಎಂಬ ಯೂನಿಕೋಡ್ ಫಾಂಟ್‌ನಲ್ಲಿ ಟೈಪ್ ಮಾಡಿಸಿ.

ಅಕ್ಷರ 28ಕ್ಕಿಂತ ಚಿಕ್ಕದು ಬೇಡ. ಸಾಲಿನ ಅಂತರ 1.2 ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸ್ಲೈಡಿನ ತಲೆಬರಹ "ಕೆರೆಯ ವಿಸ್ತೀರ್ಣ" ಎಂದಲ್ಲ, "ಉತ್ತರದ ಅಂಚಿನಲ್ಲಿ 30 ಗುಂಟೆ ಹೋಗಿದೆ" ಎಂದಿರಲಿ.

ಸಮಾಜ_ಮೇಡಂ:
ಪಿಡಿಎಫ್ ಮಾಡಿ ಒಯ್ದರೆ ಸಾಕಲ್ಲವೇ? ಅಜ್ಜಂದಿರ ಸಂದರ್ಶನದ ವಿಡಿಯೊ ಒಂದಿದೆ.

ಲ್ಯಾಬ್_ಮೇಷ್ಟ್ರು:
ಪಿಡಿಎಫ್‌ನಲ್ಲಿ ಅಕ್ಷರ ಕೆಡುವುದಿಲ್ಲ, ಆದರೆ ವಿಡಿಯೊ ಓಡುವುದಿಲ್ಲ. ಪಿಪಿಟಿ, ಪಿಡಿಎಫ್, ವಿಡಿಯೊ ಮೂರನ್ನೂ ಪೆನ್‌ಡ್ರೈವ್‌ನ ಒಂದೇ ಫೋಲ್ಡರಿನಲ್ಲಿ ಹಾಕಿ. ವಿಡಿಯೊ ಎಂಪಿ4 ಇರಲಿ, ಸ್ಪೀಕರ್ ಇದೆಯೇ ಎಂದು ಮೊದಲೇ ವಿಚಾರಿಸಿ.