ಪದ ಬೇಕು: ‘ಒಳ್ಳೆಯ ಕೊಲೆಸ್ಟ್ರಾಲ್’ಗೆ ಬೋರ್ಡಿನಲ್ಲಿ ಏನು ಬರೆಯೋಣ?

ಕಲಬುರಗಿಯಿಂದ:
ಶರಣಬಸವೇಶ್ವರ ಕೆರೆ ಹತ್ತಿರ ವಾಕಿಂಗ್ ಬರುವವರೆಲ್ಲ ಸೇರಿ ಒಂದು ಬೋರ್ಡ್ ಹಾಕಿಸುತ್ತಿದ್ದೇವೆ. ನಾಳೆ ಸಂಜೆಯೊಳಗೆ ಪೇಂಟರ್‌ಗೆ ಬರಹ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹಿಡಿದು ಹೀಗೆ ಬರೆದಿದ್ದೆ: ‘ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಒಳ್ಳೆಯ ಕೊಬ್ಬು ಹೆಚ್ಚುತ್ತದೆ, ಕೆಟ್ಟ ಕೊಬ್ಬು ಕರಗುತ್ತದೆ.’ ಓದಿ ಎಲ್ಲರೂ ನಕ್ಕರು. ಕೊಬ್ಬು ಹೆಚ್ಚಿದೆ ಅಂದರೆ ಸೊಕ್ಕು ಅಂತಲೇ ಅರ್ಥ ಅಲ್ವಾ. ಒಳ್ಳೆಯ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಚ್‌ಡಿಎಲ್‌ಗೆ ಬೇರೆ ಪದ ಇದೆಯೇ?

ಬೀದರಿನಿಂದ:
ಕೊಬ್ಬು ಬೇಡವೇ ಬೇಡ. ಕೊಲೆಸ್ಟ್ರಾಲ್ ಗ್ರೀಕ್ ಮೂಲದ್ದು. ‘ಖೊಲೆ’ ಅಂದರೆ ಪಿತ್ತ, ‘ಸ್ಟೆರೆಯೋಸ್’ ಅಂದರೆ ಗಟ್ಟಿ. ಅದು ಮೊದಲು ಸಿಕ್ಕಿದ್ದೇ ಪಿತ್ತಕೋಶದ ಕಲ್ಲಿನಲ್ಲಿ. ‘ಗಟ್ಟಿಪಿತ್ತ’ ಅನ್ನಿ. ಹಿಂದೆಯೂ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾದಗಿರಿಯಿಂದ:
ಗುರುಗಳೇ, ‘ಗಟ್ಟಿಪಿತ್ತ ಹೆಚ್ಚುತ್ತದೆ’ ಅಂತ ಓದಿದವನು ವಾಕಿಂಗ್ ಬಿಟ್ಟು ಡಾಕ್ಟರ ಹತ್ತಿರ ಓಡುತ್ತಾನೆ. ಸುಮ್ನೆ ಕೊಲೆಸ್ಟ್ರಾಲ್ ಅಂತ ಬರೆಯಿರಿ. ಪದ ಹಾಗಿರಲಿ, ವಾಕ್ಯವೇ ತಪ್ಪು. ಎಚ್‌ಡಿಎಲ್, ಕೆಟ್ಟದ್ದು ಅನ್ನಿಸಿಕೊಂಡ ಎಲ್‌ಡಿಎಲ್ ಎರಡೂ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಗಾಡಿಗಳು, ಸರಕು ಒಂದೇ. ಎಚ್‌ಡಿಎಲ್ ಅದನ್ನು ಲಿವರ್‌ಗೆ ವಾಪಸ್ ಒಯ್ಯುತ್ತದೆ. ಎಲ್‌ಡಿಎಲ್ ಜಾಸ್ತಿಯಾದರೆ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ದಿನಾ ನಡೆದರೆ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಇನ್ನೊಂದು ಕೊಬ್ಬು ಇಳಿಯುತ್ತದೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಎಲ್‌ಡಿಎಲ್ ಅಷ್ಟು ಸುಲಭಕ್ಕೆ ಬಗ್ಗಲ್ಲ. ‘ಕರಗುತ್ತದೆ’ ಅಂದರೆ ಜನ ಮಾತ್ರೆ ಬಿಟ್ಟುಬಿಡುತ್ತಾರೆ. ನಡೆದರೆ ಬಿಪಿ, ಸಕ್ಕರೆ, ತೂಕ ಹತೋಟಿಗೆ ತರಲು ನೆರವಾಗಿ ಹೃದಯಕ್ಕೆ ಲಾಭ ಆಗುತ್ತದೆ. ಅದನ್ನು ಬರೆಯಿರಿ.

ಬೀದರಿನಿಂದ:
ಹೃದಯ ಸಂಸ್ಕೃತ. ಗುಂಡಿಗೆ ಇದೆಯಲ್ಲ?

ಕಲಬುರಗಿಯಿಂದ:
‘ಗುಂಡಿಗೆಗೆ ಒಳ್ಳೆಯದು’ ಅಂತ ಕೊಟ್ಟರೆ ಪೇಂಟರ್ ಒಂದು ‘ಗೆ’ ತಪ್ಪು ಅಂತ ಹೊಡೆದು ಹಾಕುತ್ತಾನೆ ಸರ್. ಆಮೇಲೆ ಅದು ರಸ್ತೆ ಗುಂಡಿಯ ಬೋರ್ಡ್ ಆಗುತ್ತದೆ.

ಯಾದಗಿರಿಯಿಂದ:
ಎದೆ ಅನ್ನಿ, ಸಾಕು. ವ್ಯಾಯಾಮದ ಬದಲು ಕಸರತ್ತೂ ನಡೆಯುತ್ತದೆ.

ಬೀದರಿನಿಂದ:
ಕಸರತ್ತು ಅರಬ್ಬಿ.

ಯಾದಗಿರಿಯಿಂದ:
ಬೀದರಿನಲ್ಲಿ ಕೂತು ಅರಬ್ಬಿ ಪದಕ್ಕೆ ಸಿಟ್ಟೇ? ತಾಲೀಮೂ ಅಲ್ಲಿಂದಲೇ ಬಂದದ್ದು. 2014ರಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಬಂತು, ಅಲ್ಲಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯ ಹೆಸರು ಹಾಗೇ ಇದೆ. ಆಟೋದವನಿಗೆ ಅಚ್ಚಗನ್ನಡದಲ್ಲಿ ಹೇಳಿ ನೋಡಿ, ಎಲ್ಲಿ ಇಳಿಸುತ್ತಾನೋ.

ಬೀದರಿನಿಂದ:
ಆಟೋದವರನ್ನು ಕೇಳಿ ನಿಘಂಟು ಮಾಡಲ್ಲ.

ಕಲಬುರಗಿಯಿಂದ:
ಜಗಳ ಮುಂದುವರಿಸಿ. ಬೋರ್ಡಿಗೆ ಇಷ್ಟು ಕೊಡುತ್ತಿದ್ದೇನೆ: ‘ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ಎದೆಗೆ ಒಳ್ಳೆಯದು. ಮಾತ್ರೆ ಬಿಡಬೇಡಿ.’

ಬೀದರಿನಿಂದ:
ವಾರ, ನಿಮಿಷ, ಮಾತ್ರೆ. ಮೂರೂ ಸಂಸ್ಕೃತ.