ಹೊಸ ಪವರ್ಡ್ ಸಬ್‌ವೂಫರ್ ಹಾಕಿದ ಮೇಲೆ ಗುಂಯ್ ಶಬ್ದ, ಎಚ್‌ಡಿಎಂಐ ಚುಚ್ಚಿದರೆ ‘ಪ್ರೊಟೆಕ್ಟ್’

ಮಲೆನಾಡ_ಮಳೆ:
ನಮಸ್ಕಾರ. ನಮ್ಮ ಮನೆಯಲ್ಲಿ ಹಳೇ 5.1 ಹೋಮ್ ಥಿಯೇಟರ್ ಇದೆ. ಡಿವಿಡಿ, ಆಂಪ್ಲಿಫೈಯರ್ ಎಲ್ಲಾ ಒಂದೇ ಡಬ್ಬದಲ್ಲಿ ಬರುತ್ತಿತ್ತಲ್ಲ, ಆ ಥರದ್ದು. ಮೂರಿಂಚಿನ ಪುಟ್ಟ ಸ್ಪೀಕರ್ ಐದು, ಆರೂವರೆ ಇಂಚಿನ ಸಬ್ (ಬೇಸ್‌ಗೇ ಇರುವ ಸ್ಪೀಕರ್) ಒಂದು. ಆ ಸಬ್‌ಗೆ ಕರೆಂಟ್ ವೈರ್ ಇಲ್ಲ, ಹಿಂದೆ 3 ಓಮ್ ಅಂತ ಬರೆದಿದೆ. ಬೇಸ್ ಸಾಲುತ್ತಿಲ್ಲ ಅಂತ 10 ಇಂಚಿನ ಪವರ್ಡ್ ಸಬ್, ಅಂದರೆ ಒಳಗೇ ಆಂಪ್ಲಿಫೈಯರ್ ಇರೋದು, ತಗೊಂಡೆ.

ಡಬ್ಬದ ಹಿಂದೆ ಇಂಥ ಸಬ್‌ಗೆ ಸಿಗ್ನಲ್ ಕೊಡುವ ‘ಸಬ್ ಔಟ್’ ಆರ್‌ಸಿಎ ಸಾಕೆಟ್ (ದುಂಡು ಆಡಿಯೋ ಪಿನ್‌ನದ್ದು) ಇಲ್ಲ. ಅಂಗಡಿಯಿಂದ ಜೋಡಿಸೋಕೆ ಬಂದ ಹುಡುಗ ಹಳೇ ಸಬ್‌ನ ವೈರ್ ಕತ್ತರಿಸಿ, ತುದಿಗೆ ಆರ್‌ಸಿಎ ಪಿನ್ ಹಾಕಿ, ಹೊಸ ಸಬ್‌ನ ಲೈನ್ ಇನ್‌ಗೆ ಚುಚ್ಚಿ ಹೋದ. ಈಗ ಹಾಡು ಇರಲಿ ಇಲ್ಲದಿರಲಿ, ಗುಂಯ್ ಅಂತ ಒಂದೇ ಸಮ ಶಬ್ದ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಬೇಸ್ ಹರಿದ ಹಾಗೆ ಬರುತ್ತದೆ. ಪೆನ್‌ಡ್ರೈವ್ ಹಾಡು ಹೇಗೋ ಓಡುತ್ತದೆ, ಆದರೆ ಟಿವಿಯಿಂದ ಎಚ್‌ಡಿಎಂಐ ಚುಚ್ಚಿದ ಕೂಡಲೇ ಡಿಸ್‌ಪ್ಲೇಯಲ್ಲಿ ‘ಪ್ರೊಟೆಕ್ಟ್’ ಅಂತ ಬಂದು ಡಬ್ಬ ಆಫ್. ಹೊಸ ಸಬ್ಬೇ ಕೆಟ್ಟಿದೆಯಾ?

ಬೇಸ್_ಬಸಣ್ಣ:
ಗುಂಯ್ ಅಂದ್ರೆ ಅರ್ಥಿಂಗ್ ಪ್ರಾಬ್ಲಂ ಗುರು. ಸಬ್‌ನ ಮೂರು ಪಿನ್ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ ತೆಗೆದುಬಿಡಿ, ಹಮ್ ಹೋಗುತ್ತೆ. ನಾನೂ ಹಾಗೇ ಮಾಡಿರೋದು.

ಹಳೇ_ಆಂಪ್ಲಿಫೈಯರ್:
ದಯವಿಟ್ಟು ಆ ಪಿನ್ ಮುಟ್ಟಬೇಡಿ. ಬಸಣ್ಣ, ನೀವೂ ವಾಪಸ್ ಹಾಕಿಸಿ. ಒಳಗೆ 230 ವೋಲ್ಟ್ ವೈರ್ ಬಿಟ್ಟುಕೊಂಡು ಸಬ್‌ನ ಲೋಹದ ಪ್ಲೇಟ್‌ಗೆ ತಾಗಿದರೆ ಫ್ಯೂಸ್ ಹಾರಿಸೋದು ಆ ಪಿನ್ನೇ. ಅದಿಲ್ಲದಿದ್ದರೆ ಗೇನ್ (ಸಬ್‌ನ ವಾಲ್ಯೂಮ್ ನಾಬ್) ತಿರುಗಿಸೋಕೆ ಹೋದವರ ಕೈಗೆ ಹೊಡೆಯುತ್ತದೆ. ಹಮ್ ಹೋಗಿಸೋಕೆ ಬೇರೆ ದಾರಿ ಇದೆ.

ಮಲೆನಾಡ_ಮಳೆ ಅವರೇ, ಮೊದಲು ಎಲ್ಲಾ ಆಫ್ ಮಾಡಿ ಆ ಆರ್‌ಸಿಎ ಪಿನ್ ಸಬ್‌ನಿಂದ ಕಿತ್ತುಬಿಡಿ. ನಾನು ಹೇಳುವವರೆಗೆ ಮತ್ತೆ ಚುಚ್ಚಬೇಡಿ. ಆಮೇಲೆ ಇಷ್ಟು ನೋಡಿ ಹೇಳಿ. ಏನೂ ಚುಚ್ಚದೆ ಸಬ್ ಒಂದನ್ನೇ ಆನ್ ಮಾಡಿದರೆ ಗುಂಯ್ ಬರುತ್ತದಾ? ಸಬ್ ಜೋಡಿಸದೇ ಡಬ್ಬಕ್ಕೆ ಎಚ್‌ಡಿಎಂಐ ಹಾಕಿದರೆ ಪ್ರೊಟೆಕ್ಟ್ ಬರುತ್ತದಾ? ಡಬ್ಬದ ಪ್ಲಗ್‌ಗೆ ಎರಡು ಪಿನ್ನೋ ಮೂರೋ? ಟಿವಿಗೆ ಕೇಬಲ್ ಕನೆಕ್ಷನ್ ಇದೆಯಾ? ಸಬ್‌ನ ಹಿಂದೆ ಆರ್‌ಸಿಎ ಬಿಟ್ಟು ಸ್ಪೀಕರ್ ವೈರ್ ಹಾಕೋ ಕ್ಲಿಪ್ ಏನಾದ್ರೂ ಇದೆಯಾ?

ಮಲೆನಾಡ_ಮಳೆ:
ಸಬ್ ಒಂದೇ ಆನ್ ಮಾಡಿದರೆ ಪೂರ್ತಿ ನಿಶ್ಶಬ್ದ. ಸಬ್ ಇಲ್ಲದೇ ಎಚ್‌ಡಿಎಂಐ ಹಾಕಿದರೆ ಪ್ರೊಟೆಕ್ಟ್ ಇಲ್ಲ, ಪುಟ್ಟ ಸ್ಪೀಕರ್‌ಗಳು ಚೆನ್ನಾಗಿ ಓಡುತ್ತವೆ! ಡಬ್ಬಕ್ಕೆ ಎರಡು ಪಿನ್, ಸಬ್‌ಗೆ ಮೂರು ಪಿನ್. ಟಿವಿಗೆ ಕೇಬಲ್‌ನವರ ಸೆಟ್‌ಟಾಪ್ ಬಾಕ್ಸ್ ಇದೆ. ಸಬ್‌ನ ಹಿಂದೆ ಕೆಂಪು-ಕಪ್ಪು ಕ್ಲಿಪ್ ನಾಲ್ಕಿವೆ, ‘ಹೈ ಲೆವೆಲ್ ಇನ್‌ಪುಟ್’ ಅಂತ ಬರೆದಿದೆ.

ಹಳೇ_ಆಂಪ್ಲಿಫೈಯರ್:
ಹಾಗಾದರೆ ಸಬ್ ಕೆಟ್ಟಿಲ್ಲ, ಡಬ್ಬವೂ ಕೆಟ್ಟಿಲ್ಲ. ವೈರ್ ಹಾಕಿದ ರೀತಿ ತಪ್ಪು. ಎರಡು ಬೇರೆ ಬೇರೆ ತಪ್ಪು ಒಂದರ ಮೇಲೊಂದು ಕೂತಿವೆ.

ಬೇಸ್ ಹರಿಯುವುದು ಯಾಕೆ ಅಂದರೆ, ಲೈನ್ ಇನ್ ಅನ್ನೋದು ಒಂದೆರಡು ವೋಲ್ಟ್ ಸಿಗ್ನಲ್‌ಗೆ ಮಾಡಿರೋದು. ಹುಡುಗ ಅದಕ್ಕೆ ಕೊಟ್ಟಿರೋದು ಸ್ಪೀಕರ್ ಓಡಿಸುವ ಔಟ್‌ಪುಟ್. 3 ಓಮ್‌ಗೆ 50 ವ್ಯಾಟ್ ಕೊಡುವಾಗ ಅಲ್ಲಿ ಸುಮಾರು 12 ವೋಲ್ಟ್ ಇರುತ್ತದೆ. ಹರಿಯದೇ ಇನ್ನೇನು?

ಪ್ರೊಟೆಕ್ಟ್ ಕಥೆ ಇನ್ನೂ ಮಜವಾಗಿದೆ. ಈ ಥರ ಡಬ್ಬಗಳಲ್ಲಿ ಸಾಮಾನ್ಯವಾಗಿ ಡಿ ಕ್ಲಾಸ್ ಆಂಪ್ಲಿಫೈಯರ್ ಬ್ರಿಡ್ಜ್ ಮಾಡಿರುತ್ತಾರೆ. ಅಂದರೆ ಸ್ಪೀಕರ್‌ನ ಮೈನಸ್ ವೈರ್ ಗ್ರೌಂಡ್ ಅಲ್ಲ, ಅದರಲ್ಲೂ ಒಂದು ಆಂಪ್ಲಿಫೈಯರ್ ಕೂತಿದೆ. ಒಳಗಿನ ಸಪ್ಲೈಯ ಅರ್ಧ ವೋಲ್ಟೇಜ್ ಪ್ಲಸ್ಸಿನಲ್ಲೂ ಇರುತ್ತದೆ, ಮೈನಸ್ಸಿನಲ್ಲೂ ಇರುತ್ತದೆ. ಎರಡರಲ್ಲೂ ಒಂದೇ ಇರುವುದರಿಂದ ಸ್ಪೀಕರ್‌ಗೆ ಏನೂ ಗೊತ್ತಾಗಲ್ಲ. ಆ ಮೈನಸ್ಸನ್ನು ಆರ್‌ಸಿಎ ಹೊರಗಿನ ಉಂಗುರಕ್ಕೆ ಸೇರಿಸಿದಾಗ ಅದು ಸಬ್‌ನ ಬಾಡಿಗೆ, ಅಲ್ಲಿಂದ ಮೂರನೇ ಪಿನ್ ಮೂಲಕ ಅರ್ಥ್‌ಗೆ ಹೋಯಿತು. ಡಬ್ಬಕ್ಕೆ ಎರಡೇ ಪಿನ್ ಇರೋದರಿಂದ ಪೆನ್‌ಡ್ರೈವ್ ಹಾಡುವಾಗ ಸರ್ಕ್ಯೂಟ್ ಪೂರ್ತಿ ಆಗಲ್ಲ. ಎಚ್‌ಡಿಎಂಐ ಚುಚ್ಚಿದಿರಿ ಅನ್ನಿ: ಡಬ್ಬದ ಗ್ರೌಂಡ್ ಟಿವಿಗೆ, ಟಿವಿಯಿಂದ ಸೆಟ್‌ಟಾಪ್‌ಗೆ, ಅಲ್ಲಿಂದ ಕೇಬಲ್‌ನ ಮೇಲ್ಕವಚದ ಮೂಲಕ ಅದೂ ಅರ್ಥ್‌ಗೆ. ನೇರ ಶಾರ್ಟ್. ಪ್ರೊಟೆಕ್ಟ್ ಬಂದಿದ್ದೇ ನಿಮ್ಮ ಪುಣ್ಯ.

ಇದು ನಿಜಾನಾ ಅಂತ ಅಳೆದು ನೋಡೋಣ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಡಬ್ಬ ಆನ್, ಸಬ್ ಬೇಡ. ಕಪ್ಪು ತುದಿ ಎಚ್‌ಡಿಎಂಐ ಸಾಕೆಟ್‌ನ ಲೋಹದ ಅಂಚಿಗೆ, ಕೆಂಪು ತುದಿ ಸಬ್ ವೈರ್‌ನ ಮೈನಸ್‌ಗೆ. ಆಮೇಲೆ ಪ್ಲಸ್‌ಗೆ. ಎರಡು ವೈರ್ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ.

ಮಲೆನಾಡ_ಮಳೆ:
ಮೈನಸ್‌ನಲ್ಲಿ 14 ವೋಲ್ಟ್, ಪ್ಲಸ್‌ನಲ್ಲೂ 14! ಎರಡರ ನಡುವೆ ಇಟ್ಟರೆ ಸೊನ್ನೆ. ನೀವು ಹೇಳಿದ ಹಾಗೇ ಇದೆ ಸರ್. ಹಾಗಾದರೆ ಆರ್‌ಸಿಎ ಬಿಟ್ಟು ಸಬ್‌ನ ಹೈ ಲೆವೆಲ್ ಕ್ಲಿಪ್‌ಗೆ ಹಾಕಿದರೆ ಆಯ್ತಲ್ವಾ?

ಹಳೇ_ಆಂಪ್ಲಿಫೈಯರ್:
ತಡೀರಿ. ಬೇಸ್ ಹರಿಯೋದು ನಿಲ್ಲುತ್ತದೆ, ಆದರೆ ಶಾರ್ಟ್ ನಿಲ್ಲುತ್ತದೆ ಅಂತ ಹೇಳೋಕಾಗಲ್ಲ. ಕೆಲವು ಸಬ್‌ಗಳಲ್ಲಿ ಕಪ್ಪು ಕ್ಲಿಪ್ ಕೂಡ ಒಳಗೆ ಗ್ರೌಂಡ್‌ಗೇ ಸೇರಿರುತ್ತದೆ. ಸಬ್‌ನ ಪ್ಲಗ್ ಗೋಡೆಯಿಂದ ಕಿತ್ತು, ಮಲ್ಟಿಮೀಟರ್ ಬೀಪ್‌ಗೆ ಇಟ್ಟು (ಎರಡು ಕಡೆ ಒಳಗೆ ಸೇರಿದ್ದರೆ ಬೀಪ್ ಅನ್ನುತ್ತದೆ), ಕಪ್ಪು ಕ್ಲಿಪ್‌ನಿಂದ ಆರ್‌ಸಿಎ ಉಂಗುರಕ್ಕೆ ನೋಡಿ. ಉಂಗುರದಿಂದ ಪ್ಲಗ್‌ನ ದಪ್ಪ ಪಿನ್‌ಗೂ ನೋಡಿ.

ಮಲೆನಾಡ_ಮಳೆ:
ಎರಡೂ ಕಡೆ ಬೀಪ್ ಅನ್ನುತ್ತಿದೆ.

ಹಳೇ_ಆಂಪ್ಲಿಫೈಯರ್:
ಹಾಗಾದರೆ ನೇರವಾಗಿ ಹಾಕುವ ಹಾಗಿಲ್ಲ. ನಿಮಗೆ ಬೇಕಾಗಿರೋದು ಕಾರ್ ಆಡಿಯೋದವರು ಬಳಸುವ ಹೈ-ಲೋ ಕನ್ವರ್ಟರ್, ಅಂದರೆ ಸ್ಪೀಕರ್ ಔಟ್‌ಪುಟ್ಟನ್ನು ಲೈನ್ ಇನ್‌ಗೆ ತಕ್ಕಷ್ಟು ಇಳಿಸುವ ಪುಟ್ಟ ಪೆಟ್ಟಿಗೆ. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆಯ ಕಾರ್ ಅಂಗಡಿಗಳಲ್ಲಿ ಕೇಳಿ, ನಿಮ್ಮೂರಿನ ಕಾರ್ ಸ್ಟೀರಿಯೋ ಅಂಗಡಿಯಲ್ಲೂ ಇರಬಹುದು. ಆದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರೋದೇ ಬೇಕು, ಎರಡು ಕಡೆಯ ವೈರ್ ಒಂದಕ್ಕೊಂದು ಸೇರದಂತೆ ಇಡೋದು ಅದೇ. ಅಗ್ಗದ ಕೆಲವದರಲ್ಲಿ ಸುಮ್ನೆ ಎರಡು ರೆಸಿಸ್ಟರ್ ಇಟ್ಟು ಗ್ರೌಂಡ್ ಒಂದೇ ಮಾಡಿರುತ್ತಾರೆ, ಅದು ನಿಮಗೆ ಉಪಯೋಗ ಇಲ್ಲ. ಮಲ್ಟಿಮೀಟರ್ ಅಂಗಡಿಗೇ ಒಯ್ಯಿರಿ. ಇನ್‌ಪುಟ್‌ನ ಮೈನಸ್ ವೈರ್‌ನಿಂದ ಔಟ್‌ಪುಟ್ ಆರ್‌ಸಿಎ ಉಂಗುರಕ್ಕೆ ಇಟ್ಟಾಗ ಬೀಪ್ ಬರಬಾರದು. ಬಂದರೆ ಕೊಳ್ಳಬೇಡಿ.

ಕನ್ವರ್ಟರ್ ಮೇಲಿನ ಪುಟ್ಟ ಸ್ಕ್ರೂ ಪೂರ್ತಿ ಕಡಿಮೆಯಿಂದ ಶುರು ಮಾಡಿ. ಸಬ್‌ನ ಗೇನ್ ಕಾಲು ಭಾಗ ಸಾಕು.

ಹುಬ್ಳಿ_ಹೈಫೈ:
ಮಧ್ಯೆ ಬಾಯಿ ಹಾಕ್ತೀನಿ. ಇಷ್ಟೆಲ್ಲಾ ಒದ್ದಾಡೋದಕ್ಕಿಂತ ಹಳೇ ಸಬ್ ಪೆಟ್ಟಿಗೆಯಲ್ಲೇ ದೊಡ್ಡ ಡ್ರೈವರ್ (ಒಳಗಿನ ಸ್ಪೀಕರ್) ಹಾಕಬಹುದಿತ್ತಲ್ವಾ?

ಹಳೇ_ಆಂಪ್ಲಿಫೈಯರ್:
ಹಾಕಬಹುದು, ಪ್ರಯೋಜನ ಕಡಿಮೆ. ಆ ಪೆಟ್ಟಿಗೆಯ ಗಾತ್ರ, ಪೋರ್ಟ್‌ನ ಉದ್ದ ಎಲ್ಲಾ ಹಳೇ ಡ್ರೈವರ್‌ಗೆ ಲೆಕ್ಕ ಹಾಕಿ ಮಾಡಿರೋದು. ಓಡಿಸುವ ಆಂಪ್ಲಿಫೈಯರ್ ಕೂಡ ಅದೇ. ಹೊಸ ಡ್ರೈವರ್ 8 ಓಮ್ ಆದರೆ ಸಿಗುವ ಪವರ್ ಇನ್ನೂ ಕಡಿಮೆ. ಸ್ವಂತ ಆಂಪ್ಲಿಫೈಯರ್ ಇರುವ ಸಬ್ ತಗೊಂಡಿದ್ದೇ ಸರಿ. ನಾಳೆ ಸಬ್ ಪ್ರೀ-ಔಟ್ (ಪವರ್ಡ್ ಸಬ್‌ಗೇ ಮಾಡಿದ ಆರ್‌ಸಿಎ ಸಾಕೆಟ್) ಇರುವ ಎವಿ ರಿಸೀವರ್ ತಗೊಂಡರೆ ಇದೇ ಸಬ್ ಒಂದೇ ಆರ್‌ಸಿಎ ವೈರ್‌ನಲ್ಲಿ ಅದಕ್ಕೂ ಆಗುತ್ತದೆ.

ಮಲೆನಾಡ_ಮಳೆ:
ಟ್ರಾನ್ಸ್‌ಫಾರ್ಮರ್ ಇರುವ ಕನ್ವರ್ಟರ್ ಸಿಕ್ಕಿತು, ಬೀಪ್ ಇಲ್ಲ. ಹಾಕಿದೆ. ಗುಂಯ್ ಪೂರ್ತಿ ಹೋಯ್ತು, ಎಚ್‌ಡಿಎಂಐ ಹಾಕಿದರೂ ಪ್ರೊಟೆಕ್ಟ್ ಇಲ್ಲ. ತುಂಬಾ ಥ್ಯಾಂಕ್ಸ್!

ಆದರೆ ಹೊಸ ತಕರಾರು. ಗುಡುಗು, ಸ್ಫೋಟ ಚೆನ್ನಾಗಿದೆ. ಗಂಡಸರ ದನಿ ಮಾತ್ರ ತೆಳ್ಳಗೆ ಕೇಳುತ್ತದೆ, ಹಾಡಿನಲ್ಲಿ ತಬಲಾದ ಡಗ್ಗಾ ಎಲ್ಲೋ ಕಳೆದುಹೋಗಿದೆ. ಹಳೇ ಸಬ್‌ನಲ್ಲಿ ಇದು ಇತ್ತು. ಸಬ್‌ನ ಕ್ರಾಸ್‌ಓವರ್ ನಾಬ್ (ಎಷ್ಟು ಹರ್ಟ್ಜ್‌ವರೆಗೆ ಸಬ್ ಹಾಡಬೇಕು ಅನ್ನೋದು) 80ರಲ್ಲಿದೆ, ಎಲ್ಲರೂ ಅದೇ ಇಡಿ ಅನ್ನುತ್ತಾರೆ.

ಹಳೇ_ಆಂಪ್ಲಿಫೈಯರ್:
80 ಅನ್ನೋದು ದೊಡ್ಡ ಸ್ಪೀಕರ್ ಇರುವವರ ಲೆಕ್ಕ. ನಿಮ್ಮ ಮೂರಿಂಚಿನ ಸ್ಪೀಕರ್‌ಗಳಿಗೆ ಅಷ್ಟು ಕೆಳಗೆ ಇಳಿಯೋಕೆ ಆಗಲ್ಲ. ಇಂಥ ಸೆಟ್‌ಗಳಲ್ಲಿ ಡಬ್ಬವೇ ಸುಮಾರು 120ರಿಂದ 150 ಹರ್ಟ್ಜ್ ಒಳಗೆ ಎಲ್ಲೋ ಕತ್ತರಿಸಿ, ಕೆಳಗಿನದ್ದನ್ನು ಸಬ್‌ಗೆ ಕಳಿಸುತ್ತದೆ. ನೀವು ಸಬ್‌ನಲ್ಲಿ ಮತ್ತೆ 80ಕ್ಕೆ ಕತ್ತರಿಸಿದಿರಿ. ನಡುವಿನ ಭಾಗ ಯಾರ ಪಾಲಿಗೂ ಇಲ್ಲ. ಗಂಡಸರ ದನಿಯ ಬುಡ ಇರೋದೇ ಅಲ್ಲಿ. ನಾಬ್ ಕೊನೆಯವರೆಗೆ ತಿರುಗಿಸಿ, ‘ಎಲ್‌ಎಫ್‌ಇ’ ಅಥವಾ ‘ಬೈಪಾಸ್’ ಇದ್ದರೆ ಅದಕ್ಕೇ ಇಡಿ. ಸೋಸುವ ಕೆಲಸ ಡಬ್ಬ ಮಾಡಿಯಾಗಿದೆ.

ಇಷ್ಟು ಮೇಲಿನವರೆಗೆ ಹಾಡುವ ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗುತ್ತದೆ. ಅದಕ್ಕೇ ಸೋಫಾ ಹಿಂದೆ ಬೇಡ, ಟಿವಿ ಇರುವ ಗೋಡೆಗೇ ಇಡಿ. ಆಮೇಲೆ ಫೇಸ್ ಸ್ವಿಚ್ (ಸಬ್‌ನ ಶಬ್ದದ ಅಲೆಯನ್ನು ತಿರುವುಮುರುವು ಮಾಡುವುದು) 0, 180 ಎರಡರಲ್ಲೂ ಒಂದೇ ಹಾಡು ಕೇಳಿ. ಯಾವುದರಲ್ಲಿ ಡಗ್ಗಾ ತುಂಬಿ ಬರುತ್ತದೋ ಅದು ಸರಿ.

ಮಲೆನಾಡ_ಮಳೆ:
ನಾಬ್ ಕೊನೆಗೆ, ಫೇಸ್ 180ಕ್ಕೆ. ಡಗ್ಗಾ ವಾಪಸ್ ಬಂತು! ಕೊನೇ ಪ್ರಶ್ನೆ. ಹಾಲ್ 14 ಅಡಿ ಉದ್ದ, ಸೋಫಾ ಸರಿಯಾಗಿ ನಡುವೆ ಇದೆ, ಹಿಂದೆ ಊಟದ ಟೇಬಲ್. ಸೋಫಾದಲ್ಲಿ ಕೂತರೆ ಆಳದ ಬೇಸ್ ಕಡಿಮೆ, ಟೇಬಲ್ ಹತ್ತಿರ ಹೋದರೆ ಎದೆಗೆ ಬಡಿಯುತ್ತದೆ. ಗೇನ್ ಏರಿಸಲಾ?

ಹಳೇ_ಆಂಪ್ಲಿಫೈಯರ್:
ಗೇನ್ ಏರಿಸಿದರೆ ಟೇಬಲ್ ಹತ್ತಿರ ಕೂತವರಿಗೆ ತಲೆನೋವು, ನಿಮಗೆ ಅಷ್ಟಕ್ಕಷ್ಟೆ. 14 ಅಡಿ ಅಂದರೆ 4.27 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 40 ಹರ್ಟ್ಜ್. ಆ ಸ್ವರ ಎರಡು ಗೋಡೆಗಳ ಹತ್ತಿರ ಉಬ್ಬುತ್ತದೆ, ಸರಿ ನಡುವೆ ಸತ್ತೇ ಹೋಗುತ್ತದೆ. ನೀವು ಕೂತಿರೋದು ಆ ಜಾಗದಲ್ಲೇ. ಸೋಫಾವನ್ನು ಒಂದೂವರೆ, ಎರಡು ಅಡಿ ಹಿಂದಕ್ಕೆ ಸರಿಸಿ ನೋಡಿ. ಆಮೇಲೂ ಸಮಾಧಾನ ಆಗದಿದ್ದರೆ ಸಬ್ಬನ್ನೇ ಸೋಫಾ ಮೇಲಿಟ್ಟು ಬೇಸ್ ಇರುವ ಹಾಡು ಹಾಕಿ, ಟಿವಿ ಗೋಡೆಯ ಉದ್ದಕ್ಕೂ ಮಂಡಿಯೂರಿ ಕಿವಿ ಕೊಟ್ಟು ಹೋಗಿ. ಎಲ್ಲಿ ಬೇಸ್ ಸಮವಾಗಿ ಕೇಳುತ್ತದೋ ಅಲ್ಲಿ ಸಬ್ ಇಡಿ. ಮನೆಯವರು ನಗುತ್ತಾರೆ, ನಗಲಿ.

ಇನ್ನೊಂದು ಮಾತು. ಆ ಕನ್ವರ್ಟರ್‌ನ ಪುಟ್ಟ ಟ್ರಾನ್ಸ್‌ಫಾರ್ಮರ್ ತೀರಾ ಆಳದ ಬೇಸ್ ಜೋರಾಗಿ ಬಂದರೆ ಸೋಲುತ್ತದೆ. ಒಡೆದ ಶಬ್ದ ಬಂದರೆ ಡಬ್ಬದ ಮೆನುವಿನಲ್ಲಿ ಸಬ್ ಲೆವೆಲ್ ಸ್ವಲ್ಪ ಇಳಿಸಿ, ಅಷ್ಟೇ ಸಬ್‌ನ ಗೇನ್‌ನಲ್ಲಿ ಏರಿಸಿ.

ಮಲೆನಾಡ_ಮಳೆ:
ಸೋಫಾ ಎರಡಡಿ ಹಿಂದಕ್ಕೆ ಹೋಯ್ತು. ಬೇಸ್ ಬಂತು. ಊಟದ ಟೇಬಲ್‌ಗೆ ಜಾಗ ಇಲ್ಲ, ಅದರ ಪಂಚಾಯ್ತಿ ಮನೆಯಲ್ಲಿ ನಡೀತಾ ಇದೆ.