ಗದ್ದೆ ಟೂರ್ನಿಯ ಅಂಪೈರಿಂಗ್: ರನೌಟ್ ತಕರಾರು, ಮೊಬೈಲ್ ರಿಪ್ಲೇ, ಒಳಗೆ ನುಗ್ಗೋ ಜನ

ರಿಪ್ಪನ್‌ಪೇಟೆ ಲೆಗ್‌ಅಂಪೈರ್

ಫೆಬ್ರವರಿ ಕೊನೆಗೆ ನಮ್ಮ ಕಡೆ ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲ್ ಟೂರ್ನಿ ಇದೆ. 16 ತಂಡ, ನೇರ ನಾಕೌಟ್. 8 ಓವರ್, ಸೆಮಿಫೈನಲ್‌ನಿಂದ 10. ಎಲ್‌ಬಿಡಬ್ಲ್ಯೂ ಇಲ್ಲ. ಬ್ಯಾಟಿಂಗ್ ತಂಡದವರನ್ನೇ ಅಂಪೈರ್ ನಿಲ್ಲಿಸೋದು ಈ ಸಲ ಬೇಡ ಅಂತ ಕಮಿಟಿಯವರು ನನ್ನನ್ನೂ ಇನ್ನೊಬ್ಬರನ್ನೂ ಖಾಯಂ ಹಾಕಿದ್ದಾರೆ. ನಿಯಮ ಓದಿಕೊಂಡಿದ್ದೇನೆ, ಕೇಳೋದಿರೋದು ಜಗಳದ ವಿಚಾರ.

ರನೌಟ್ ಕೊಟ್ಟಾಗ ‘ಬ್ಯಾಟ್ ಗೆರೆ ಮೇಲಿತ್ತು’ ಅಂತ ಏಳೆಂಟು ಜನ ಸುತ್ತುವರಿದರೆ ಏನು ಹೇಳಬೇಕು? ಯೂಟ್ಯೂಬ್ ಲೈವ್ ಇರುತ್ತೆ, ಮೊಬೈಲ್ ಹಿಡ್ಕೊಂಡು ಬಂದರೆ ನೋಡಬೇಕಾ? ಬೆರಳೆತ್ತಿದ ಮೇಲೆ ಜೊತೆ ಅಂಪೈರ್ ‘ಅಲ್ಲ’ ಅಂದರೆ ತೀರ್ಪು ಬದಲಿಸಬಹುದಾ? ಅನುಭವ ಇದ್ದವರು ಹೇಳಿ.

ಸುಣ್ಣದ ಗೆರೆ

ಮೊದಲು ಗೆರೆ ಸರಿ ಮಾಡಿ, ಅರ್ಧ ತಕರಾರು ಅಲ್ಲೇ ಹುಟ್ಟೋದು. ಕ್ರೀಸ್ ಅಂದರೆ ಇಡೀ ಬಿಳಿ ಪಟ್ಟಿ ಅಲ್ಲ, ಸ್ಟಂಪ್ ಕಡೆ ಇರುವ ಅದರ ಒಳ ಅಂಚು. ಬ್ಯಾಟೋ ಕಾಲೋ ಆ ಅಂಚಿನ ಹಿಂದೆ ನೆಲ ಮುಟ್ಟಿರಬೇಕು. ಗೆರೆ ಮೇಲೆ ಮಾತ್ರ ಇದ್ದರೆ ಔಟ್. ಇದು ಗೊತ್ತಿಲ್ಲದ ಆಟಗಾರರೇ ಜಾಸ್ತಿ. ಸುಣ್ಣದ ಪುಡಿ ಉದುರಿಸಿ ಎಳೆದ ಗೆರೆ ಮೂರು ಓವರ್ ಕಳೆಯೋದ್ರೊಳಗೆ ಅರ್ಧ ಅಡಿ ಅಗಲ ಆಗಿರುತ್ತೆ. ಆಗ ಅಂಚು ಎಲ್ಲಿ ಅಂತ ನಿಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ಸುಣ್ಣವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ, ದಾರ ಕಟ್ಟಿ, ಬ್ರಷ್‌ನಿಂದ ಎಳೆಸಿ. ಒಳ ಅಂಚಿನ ಎರಡೂ ತುದಿಗೆ, ಪಿಚ್‌ನಿಂದ ಸಾಕಷ್ಟು ಹೊರಗೆ, ತಲೆ ನೆಲಕ್ಕೆ ಸಮ ಆಗುವ ಹಾಗೆ ಮೊಳೆ ಹೊಡೆಸಿ. ಇನ್ನಿಂಗ್ಸ್ ಬಿಡುವಿನಲ್ಲಿ ಅದೇ ಮೊಳೆಗೆ ದಾರ ಹಿಡಿದು ಗೆರೆ ಹೊಸದಾಗಿ ಎಳೆಯಬಹುದು. ಅಳತೆ: ಸ್ಟಂಪ್‌ನಿಂದ ಸ್ಟಂಪ್‌ಗೆ 22 ಗಜ, ಸ್ಟಂಪ್ ಮಧ್ಯದಿಂದ ಮುಂದಿನ ಕ್ರೀಸ್‌ಗೆ 4 ಅಡಿ. ವೈಡ್‌ಗೂ ಆಫ್ ಕಡೆ ಒಂದು ಗುರುತು ಹಾಕಿಸಿ. ಸೀಮಿತ ಓವರ್ ಪಂದ್ಯಗಳಲ್ಲಿ ಅದು ಮಧ್ಯದ ಸ್ಟಂಪ್‌ನಿಂದ 35 ಇಂಚು ದೂರದಲ್ಲಿರುತ್ತೆ. ಗುರುತಿದ್ದರೆ ವೈಡ್ ಬಗ್ಗೆ ಯಾರೂ ಬಾಯಿ ತೆಗೆಯಲ್ಲ.

ಎರಡನೇದು ಸ್ಟಂಪ್. ನಮ್ಮ ಕಡೆ ಈಗ ಎಲ್ಲಾ ಕಡೆ ಬರ್ತಿರೋದು ಮೂರೂ ಒಂದೇ ಬೇಸ್ ಮೇಲಿರುವ ಸ್ಪ್ರಿಂಗ್ ಸ್ಟಂಪ್. ಎರಡೂ ಬೇಲ್ಸ್ (ಸ್ಟಂಪ್ ಮೇಲಿಡುವ ಸಣ್ಣ ಕಡ್ಡಿ) ಮೊದಲೇ ಬಿದ್ದಿದ್ದರೆ ಫೀಲ್ಡರ್ ಚೆಂಡು ಕೈಯಲ್ಲಿಟ್ಟುಕೊಂಡು ಸ್ಟಂಪ್ ಕಿತ್ತರೆ ಔಟ್ ಅನ್ನೋದು ನಿಯಮ. ಬೇಸ್ ಸ್ಟಂಪನ್ನು ಕೀಳೋದು ಹೇಗೆ? ಅದಕ್ಕೆ ಟೂರ್ನಿ ನಿಯಮದಲ್ಲೇ ಬರೆಸಿಡಿ: ಬೇಲ್ಸ್ ಇಲ್ಲದಾಗ ಚೆಂಡಿರುವ ಕೈ ಸ್ಟಂಪ್‌ಗೆ ತಾಗಿದರೆ ಸಾಕು, ಅಥವಾ ಬೇಸ್ ಪೂರ್ತಿ ಅಲುಗಬೇಕು, ಯಾವುದಾದರೂ ಒಂದು. ಗುಡ್ಡದ ನೆತ್ತಿಯ ಮೈದಾನದಲ್ಲಿ ಗಾಳಿಗೆ ಬೇಲ್ಸ್ ನಿಲ್ಲಲ್ಲ. ಆಗ ಬೇಲ್ಸ್ ಬಿಟ್ಟೇ ಆಡಿಸಬಹುದು, ಚೆಂಡು ಸ್ಟಂಪ್‌ಗೆ ತಾಗಿತಾ ಇಲ್ಲವಾ ಅನ್ನೋದು ಅಂಪೈರ್ ತೀರ್ಮಾನ. ಬಿಟ್ಟರೆ ಎರಡೂ ತುದಿಯಲ್ಲಿ ಬಿಡಬೇಕು.

ಟಾಸ್‌ಗೆ ಮೊದಲು ಇಬ್ಬರೂ ಕ್ಯಾಪ್ಟನ್‌ಗಳನ್ನು ಕರೆದು ಒಂದೇ ಹಾಳೆಯ ನಿಯಮಕ್ಕೆ ಸಹಿ ಹಾಕಿಸಿ. ಅಡಿಕೆ ಮರಕ್ಕೆ ನೇರವಾಗಿ ತಾಗಿದರೆ ಆರೋ ನಾಲ್ಕೋ, ಮೇಲೆ ಹಾದುಹೋದ ಕರೆಂಟ್ ತಂತಿಗೆ ತಾಗಿದರೆ ಡೆಡ್ ಬಾಲೋ, ಬೌನ್ಸರ್ ಭುಜದ ಮೇಲಾ ತಲೆ ಮೇಲಾ, ಫ್ರೀ ಹಿಟ್ ಇದೆಯಾ (ಕ್ರಿಕೆಟ್ ನಿಯಮದ ಪುಸ್ತಕದಲ್ಲಿ ಅದಿಲ್ಲ, ಟೂರ್ನಿಯವರೇ ಹಾಕಿಕೊಳ್ಳಬೇಕು), ಮಳೆ ಬಂದರೆ ಏನು, ಸಮ ಆದರೆ ಏನು. ಆಮೇಲೆ ಗಲಾಟೆ ಎದ್ದರೆ ಆ ಹಾಳೆ ತೋರಿಸಿದರಾಯಿತು.

ಇನ್ನು ರನೌಟ್. ತಪ್ಪಾಗೋದು ಕಣ್ಣಿಂದ ಅಲ್ಲ, ನಿಂತ ಜಾಗದಿಂದ. ಬೌಲರ್ ತುದಿಯಲ್ಲಿದ್ದರೆ ಚೆಂಡು ಹೋದ ಕಡೆಗೇ ಓಡಿ, ಕ್ರೀಸ್ ಅಂಚಿಗೆ ನೇರವಾಗಿ, ಐದಾರು ಹೆಜ್ಜೆ ದೂರ ನಿಲ್ಲಿ. ಸ್ಟಂಪ್ ಹಿಂದೆ ನಿಂತರೆ ಒಂದಡಿ ಒಳಗೋ ಹೊರಗೋ ಗೊತ್ತಾಗಲ್ಲ. ಓಡುತ್ತಾ ನೋಡಬೇಡಿ. ಬೇಲ್ಸ್ ಬೀಳುವ ಕ್ಷಣಕ್ಕೆ ಕಾಲು ನಿಂತಿರಲಿ, ತಲೆ ಅಲುಗದಿರಲಿ. ಎಸೆತ ಕೈಬಿಟ್ಟ ಮೇಲೆ ಚೆಂಡನ್ನು ಹಿಂಬಾಲಿಸದೆ ಕಣ್ಣನ್ನು ಸ್ಟಂಪ್-ಗೆರೆ ಮೇಲೆ ನೆಡಿ. ಬ್ಯಾಟ್ಸ್‌ಮನ್ ತುದಿಯಲ್ಲಿದ್ದಾಗ ಲೆಗ್ ಕಡೆ ಬಿಸಿಲು ಕಣ್ಣಿಗೆ ಹೊಡೆದರೆ ಆಫ್ ಕಡೆ ನಿಲ್ಲಬಹುದು. ಫೀಲ್ಡಿಂಗ್ ಕ್ಯಾಪ್ಟನ್, ಬ್ಯಾಟ್ಸ್‌ಮನ್, ಜೊತೆ ಅಂಪೈರ್ ಮೂವರಿಗೂ ಹೇಳಿ ಹೋಗಬೇಕು.

ತೀರ್ಪಿಗೆ ಮೊದಲು ಎರಡು ಸೆಕೆಂಡ್ ತಗೊಳ್ಳಿ. ಕಂಡದ್ದನ್ನು ಮನಸ್ಸಲ್ಲೇ ಒಮ್ಮೆ ನೋಡಿ ಬೆರಳೆತ್ತಿ. ನಾಟೌಟ್ ಆದರೆ ಬಾಯಿಬಿಟ್ಟು ಗಟ್ಟಿಯಾಗಿ ಹೇಳಿ. ಸುಮ್ಮನೆ ತಲೆ ಅಲ್ಲಾಡಿಸಿದರೆ ಇನ್ನೊಂದು ಸಲ ಕೂಗಿದರೆ ಬದಲಾಗುತ್ತೇನೋ ಅನ್ನೋ ಆಸೆ ಅವರಿಗೆ ಉಳಿಯುತ್ತೆ.

ಬದಲಿಸುವ ಪ್ರಶ್ನೆಗೆ: ತಡ ಮಾಡದೆ ಮಾಡಿದರೆ ಬದಲಿಸಬಹುದು, ಕ್ರಿಕೆಟ್ ನಿಯಮದ ಪುಸ್ತಕದ ನಿಯಮ 2ರಲ್ಲೇ ಇದೆ. ಎರಡೂ ಕೈಯನ್ನು ಎದುರಿನ ಭುಜಗಳಿಗೆ ಮುಟ್ಟಿಸಿದರೆ ಹಿಂದಿನ ಸಂಜ್ಞೆ ರದ್ದು ಅಂತ ಅರ್ಥ. ಆದರೆ ಅನುಮಾನ ಇದ್ದರೆ ಬೆರಳೆತ್ತುವ ಮೊದಲೇ ಇಬ್ಬರೂ ನಡೆದು ಬಂದು ಮಾತಾಡಿಕೊಳ್ಳಿ. ಕೂಗಾಟ ಜೋರಾದ ಮೇಲೆ ಮಾತಾಡಿಕೊಂಡು ಬದಲಿಸಿದರೆ, ಮುಂದಿನ ಪ್ರತಿ ತೀರ್ಪಿಗೂ ಜನ ಕೂಗ್ತಾರೆ.

ಲೈವ್ ಕ್ಯಾಮೆರಾ ಸಾಗರ

ಮೊಬೈಲ್ ನೋಡಲೇಬೇಡಿ. ಕಾರಣ ಹೇಳ್ತೀನಿ, ಕೇಳಿದವರಿಗೆ ನೀವೂ ಹೇಳಬಹುದು.

ನಮ್ಮಂಥವರು ಹಾಕೋದು ಒಂದೇ ಕ್ಯಾಮೆರಾ, ಬೌಲರ್ ಹಿಂದೆ ಎತ್ತರದಲ್ಲಿ. ಅದು ಯಾವ ಕ್ರೀಸ್‌ಗೂ ನೇರಕ್ಕಿರಲ್ಲ. ಹಿಂದಿನಿಂದ ನೋಡಿದಾಗ ಬ್ಯಾಟ್ ನೆಲದಿಂದ ಎರಡಿಂಚು ಮೇಲಿದ್ದರೂ ಗೆರೆ ಮುಟ್ಟಿದ ಹಾಗೇ ಕಾಣುತ್ತೆ. ಇನ್ನು ವೇಗ. ಸೆಕೆಂಡಿಗೆ 30 ಫ್ರೇಮ್ ಅಂದುಕೊಳ್ಳಿ. ಸೆಕೆಂಡಿಗೆ 6 ಮೀಟರ್ ಓಡುವ ಬ್ಯಾಟ್ಸ್‌ಮನ್ ಒಂದು ಫ್ರೇಮಿಂದ ಇನ್ನೊಂದಕ್ಕೆ 20 ಸೆಂಟಿಮೀಟರ್ ಮುಂದೆ ಬಂದಿರ್ತಾನೆ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು 90 ಸೆಂಟಿಮೀಟರ್ ದಾಟಿರುತ್ತೆ. ಬೇಲ್ಸ್ ಎದ್ದ ನಿಜವಾದ ಕ್ಷಣ ಎರಡು ಫ್ರೇಮಿನ ನಡುವೆ ಎಲ್ಲೋ ಹೋಗಿರುತ್ತೆ. ಅದರ ಮೇಲೆ ನಮ್ಮ ಘಟ್ಟದ ನೆಟ್‌ವರ್ಕ್‌ನಲ್ಲಿ ಚಿತ್ರ ಕಲಸಿಹೋಗಿರುತ್ತೆ.

ಒಂದು ಸಲ ನೋಡಿದಿರೋ, ಆಮೇಲೆ ಪ್ರತಿ ಬಾಲಿಗೂ ಬರ್ತಾರೆ. ‘ಈ ಟೂರ್ನಿಯಲ್ಲಿ ವಿಡಿಯೋ ನೋಡಿ ತೀರ್ಪಿಲ್ಲ’ ಅಂತ ಸಹಿ ಹಾಕುವ ಹಾಳೆಯಲ್ಲೇ ಸೇರಿಸಿ. ಲೈವ್ ಮಾಡುವವರಿಗೂ ವಿಕೆಟ್ ಬಿದ್ದ ತಕ್ಷಣ ಸ್ಲೋಮೋಷನ್ ಹಾಕಬೇಡಿ ಅಂತ ಕಮಿಟಿಯಿಂದ ಹೇಳಿಸಿ.

ಕಾಮೆಂಟ್ರಿ ಮೈಕ್ ಮರೀಬೇಡಿ. ಟೆನಿಸ್ ಬಾಲ್ ಬ್ಯಾಟ್ ಅಂಚಿಗೆ ಸವರಿದ ಸದ್ದು ಮೊದಲೇ ಸಣ್ಣದು. ಬೌಲರ್ ಓಟ ಶುರು ಮಾಡಿದಾಗಿಂದ ಸಂಜ್ಞೆ ಬರುವ ತನಕ ಮೈಕ್ ಬಂದ್ ಇರಬೇಕು. ‘ಔಟ್ ಇದ್ದ ಹಾಗಿತ್ತಪ್ಪಾ’ ಅಂತ ಕಾಮೆಂಟೇಟರ್ ಅಂದ ಒಂದು ಮಾತು ಸಾಕು, ಪೆಂಡಾಲ್ ಪೂರ್ತಿ ಎದ್ದು ನಿಲ್ಲೋಕೆ.

ಕೊಪ್ಪದ ಕಟ್ಟೆ

ಮೇಲಿನವರು ಹೇಳಿದ್ದೆಲ್ಲ ಪಂದ್ಯಕ್ಕೆ ಮೊದಲಿನದು. ಸುತ್ತುವರಿದಾಗ ಏನು ಮಾಡೋದು ಅಂತ ಇವರು ಕೇಳಿರೋದು.

ಮಾತು ಕ್ಯಾಪ್ಟನ್ ಜೊತೆ ಮಾತ್ರ. ‘ಕ್ಯಾಪ್ಟನ್ ಬನ್ನಿ, ಉಳಿದವರು ಜಾಗಕ್ಕೆ ಹೋಗಿ’ ಅಂತ ಒಂದೇ ದನಿಯಲ್ಲಿ ಹೇಳಿ. ಬಹುವಚನ ಬಿಡಬೇಡಿ, ಎದುರಿನವನು ನಿಮಗಿಂತ ಹತ್ತು ವರ್ಷ ಚಿಕ್ಕವನಾದರೂ, ಪಕ್ಕದ ಮನೆಯವನಾದರೂ. ‘ಏನೋ’ ಅಂತ ಒಮ್ಮೆ ಬಂದರೆ ವಿಷಯ ರನೌಟಿಂದ ಮರ್ಯಾದೆಗೆ ಹೊರಳುತ್ತೆ, ಆಮೇಲೆ ವಾಪಸ್ ತರೋಕಾಗಲ್ಲ. ಬೆರಳು ತೋರಿಸಬೇಡಿ, ಭುಜದ ಮೇಲೆ ಕೈ ಇಟ್ಟು ಸಮಾಧಾನ ಮಾಡಲೂ ಹೋಗಬೇಡಿ. ಒಂದು ತೋಳಿನಷ್ಟು ದೂರ ಇಟ್ಟುಕೊಳ್ಳಿ. ಜೊತೆ ಅಂಪೈರ್ ಪಕ್ಕಕ್ಕೆ ಬಂದು ನಿಲ್ಲಲಿ, ಚೆಂಡು ಅವರ ಕೈಯಲ್ಲಿರಲಿ. ಪೆಂಡಾಲ್ ಕಡೆಗೆ ನಡೆಯಬೇಡಿ, ಪಿಚ್ ಹತ್ತಿರವೇ ಇರಿ.

ಕ್ಯಾಪ್ಟನ್ ನಿಯಮ ಕೇಳಿದರೆ ಹೇಳಿ: ‘ಗೆರೆ ಮೇಲಿದ್ದರೆ ಔಟ್, ಒಳಗಿರಬೇಕು.’ ಆದರೆ ನೀವು ಕಂಡದ್ದನ್ನು ಚರ್ಚೆಗೆ ಇಡಬೇಡಿ. ‘ಎರಡಿಂಚು ಹೊರಗಿತ್ತು’ ಅಂದರೆ ಅವರು ‘ಒಂದಿಂಚು ಒಳಗಿತ್ತು’ ಅಂತಾರೆ, ಅದು ಸಂತೆ ಚೌಕಾಸಿ ಆಗುತ್ತೆ. ‘ನಾನು ನೋಡಿ ಕೊಟ್ಟಿದ್ದೇನೆ, ಆಟ ಶುರು ಮಾಡೋಣ’ ಅಂತ ಒಂದು ಸಲ ಹೇಳಿ. ಎರಡನೇ ಸಲಕ್ಕೂ ಅದೇ ಮಾತು. ಮೂರನೇ ಸಲಕ್ಕೆ ಮಾತಿಲ್ಲ, ಆಟಗಾರರ ವರ್ತನೆಯ ನಿಯಮ 42.

2017ರ ಅಕ್ಟೋಬರ್‌ನಿಂದ ಈ ನಿಯಮ ಇದೆ, ಹಳ್ಳಿ ಟೂರ್ನಿಯಲ್ಲಿ ಬಳಸುವವರು ಕಮ್ಮಿ. ತೀರ್ಪಿಗೆ ಅಸಮಾಧಾನ ತೋರಿಸೋದು, ಕೆಟ್ಟ ಮಾತು, ಮಿತಿಮೀರಿದ ಅಪೀಲ್ ಒಂದನೇ ಹಂತ: ಮೊದಲ ಸಲಕ್ಕೆ ಇಡೀ ತಂಡಕ್ಕೆ ಎಚ್ಚರಿಕೆ, ಆಮೇಲೆ ಆ ತಂಡದ ಯಾರೇ ಮಾಡಿದರೂ ಎದುರಾಳಿಗೆ 5 ರನ್. ಗಂಭೀರ ಪ್ರತಿಭಟನೆ, ಆಟಗಾರನ ಮೈಗೆ ಬೇಕೆಂದೇ ತಾಗೋದು ಎರಡನೇ ಹಂತ, ಸೀದಾ 5 ರನ್. ಅಂಪೈರ್‌ಗೆ ಬೆದರಿಕೆಯ ವರ್ತನೆ ಮೂರನೇದು: 5 ರನ್ ಜೊತೆಗೆ ಆಟಗಾರ ಇನ್ನಿಂಗ್ಸ್‌ನ ಐದನೇ ಒಂದು ಭಾಗ ಹೊರಗೆ, ಅಂದರೆ 10 ಓವರ್ ಪಂದ್ಯದಲ್ಲಿ 2 ಓವರ್, ಬದಲಿ ಆಟಗಾರನಿಲ್ಲ. ಅಂಪೈರ್‌ಗೆ ಹೊಡೀತೀನಿ ಅನ್ನೋದು, ಅವರ ಮೈಗೆ ಕೈ ಹಾಕೋದು ನಾಲ್ಕನೇದು: 5 ರನ್, ಪಂದ್ಯದಿಂದಲೇ ಹೊರಗೆ. ಕೊಡುವ ಮೊದಲು ‘ಟೈಮ್’ ಅಂತ ಆಟ ನಿಲ್ಲಿಸಿ, ಕ್ಯಾಪ್ಟನ್‌ಗೆ ಯಾವ ಹಂತ ಅಂತ ತಿಳಿಸಿ. ಒಂದು ಕೈಯಿಂದ ಎದುರಿನ ಭುಜ ತಟ್ಟುತ್ತಾ ಇದ್ದರೆ ರನ್ ಬ್ಯಾಟಿಂಗ್ ತಂಡಕ್ಕೆ, ಕೈ ಸುಮ್ಮನೆ ಇಟ್ಟರೆ ಫೀಲ್ಡಿಂಗ್ ತಂಡಕ್ಕೆ. ಸ್ಕೋರರ್‌ಗೆ ಇದು ಮೊದಲೇ ಗೊತ್ತಿರಲಿ.

ಅನ್ವಯಿಸುವ ಧೈರ್ಯ ಇಲ್ಲದಿದ್ದರೆ ಟಾಸ್ ಹೊತ್ತಿಗೆ ಹೇಳಲೇಬೇಡಿ. ಹೇಳಿ ಬಿಟ್ಟುಕೊಟ್ಟರೆ ಇನ್ನೂ ಕಷ್ಟ.

ರಿಪ್ಪನ್‌ಪೇಟೆ ಲೆಗ್‌ಅಂಪೈರ್

ಎಲ್ಲರಿಗೂ ಧನ್ಯವಾದ. ಇನ್ನೆರಡು. ಚೆಂಡು ಎಸೆಯುವ ಮೊದಲೇ ನಾನ್‌ಸ್ಟ್ರೈಕರ್ (ಬೌಲರ್ ತುದಿಯಲ್ಲಿರುವ ಬ್ಯಾಟ್ಸ್‌ಮನ್) ಮುಂದೆ ಹೋದಾಗ ಬೌಲರ್ ಬೇಲ್ಸ್ ಬೀಳಿಸಿದರೆ ಇಲ್ಲಿ ‘ಮೋಸ’ ಅಂತ ಗಲಾಟೆ ಖಂಡಿತ. ಮತ್ತೆ ‘ನಾವು ಆಡಲ್ಲ’ ಅಂತ ತಂಡ ಹೊರಗೆ ಹೋಗಿ ಕೂತರೆ?

ಭದ್ರಾ ಎಂಡ್

ಔಟ್ ಕೊಡಿ. 2022ರ ಅಕ್ಟೋಬರ್‌ನಿಂದ ಅದನ್ನು ಅನ್ಯಾಯದ ಆಟದ ನಿಯಮದಿಂದ ತೆಗೆದು ರನೌಟ್ ನಿಯಮಕ್ಕೇ, 38ಕ್ಕೆ, ಸೇರಿಸಿದ್ದಾರೆ. ಮೊದಲು ಎಚ್ಚರಿಸಬೇಕು ಅಂತ ಎಲ್ಲೂ ಇಲ್ಲ. ನೀವು ನೋಡಬೇಕಾದ್ದು ಎರಡೇ: ಬೇಲ್ಸ್ ಬಿದ್ದಾಗ ನಾನ್‌ಸ್ಟ್ರೈಕರ್ ಕ್ರೀಸ್ ಹೊರಗಿದ್ದನಾ, ಬೌಲರ್‌ನ ಕೈ ಚೆಂಡು ಬಿಡುವ ಎತ್ತರ ಅಷ್ಟರಲ್ಲೇ ದಾಟಿತ್ತಾ. ಕೈ ಪೂರ್ತಿ ತಿರುಗಿಸಿ ಎಸೆಯೋ ಹಾಗೆ ಮಾಡಿ, ಅವನು ಹೊರಟ ಮೇಲೆ ಬೀಳಿಸಿದರೆ ನಾಟೌಟ್. ಅಪೀಲ್ ಇಲ್ಲದಿದ್ದರೆ ನೀವಾಗಿ ಕೊಡುವಂತಿಲ್ಲ. ಎರಡೂ ತಂಡ ಎಚ್ಚರಿಕೆ ಬೇಕು ಅಂದರೆ ಟೂರ್ನಿ ನಿಯಮದಲ್ಲಿ ‘ತಂಡಕ್ಕೆ ಒಂದು ಎಚ್ಚರಿಕೆ’ ಅಂತ ಬರೆಸಿ. ಮೈದಾನದಲ್ಲಿ ನಿಂತು ಹೊಸ ನಿಯಮ ಮಾಡಬೇಡಿ.

ಫೀಲ್ಡಿಂಗ್ ಕ್ಯಾಪ್ಟನ್‌ಗೇ ಬೇಡ ಅನ್ನಿಸಿದರೆ ಅಪೀಲ್ ವಾಪಸ್ ತಗೊಳ್ಳಬಹುದು. ಅಂಪೈರ್ ಒಪ್ಪಿಗೆ ಬೇಕು, ಬ್ಯಾಟ್ಸ್‌ಮನ್ ಮೈದಾನ ಬಿಡುವ ಮೊದಲೇ ಕೇಳಬೇಕು. 1980ರ ಮುಂಬೈ ಟೆಸ್ಟ್‌ನಲ್ಲಿ ಭಾರತದ ಕ್ಯಾಪ್ಟನ್ ಆಗಿದ್ದ ನಮ್ಮ ಭದ್ರಾವತಿಯ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟ ಮೇಲೂ ಇಂಗ್ಲೆಂಡಿನ ಬಾಬ್ ಟೇಲರ್‌ನನ್ನು ವಾಪಸ್ ಕರೆದಿದ್ದು ಹೀಗೇ. ಟೇಲರ್-ಬೋಥಮ್ ಜೋಡಿ 171 ರನ್ ಸೇರಿಸಿತು, ಭಾರತ 10 ವಿಕೆಟ್‌ನಿಂದ ಸೋತಿತು. ಕರೆಯೋದು ಬಿಡೋದು ಕ್ಯಾಪ್ಟನ್‌ಗೆ ಬಿಟ್ಟದ್ದು. ‘ದೊಡ್ಡ ಮನಸ್ಸು ಮಾಡ್ರಿ’ ಅಂತ ಒತ್ತಾಯ ಮಾಡೋದು ನಿಮ್ಮ ಕೆಲಸ ಅಲ್ಲ.

ಆಡಲ್ಲ ಅಂತ ಕೂತರೆ ನಿಯಮ 16. ಇಬ್ಬರೂ ಅಂಪೈರ್ ಹೋಗಿ ಕಾರಣ ಕೇಳಬೇಕು. ಇದು ಆಡಲು ನಿರಾಕರಣೆಯೇ ಅಂತ ಇಬ್ಬರಿಗೂ ಖಚಿತವಾದರೆ ಕ್ಯಾಪ್ಟನ್‌ಗೆ ಹಾಗಂತ ತಿಳಿಸಬೇಕು. ಆಮೇಲೂ ಬರದಿದ್ದರೆ ಪಂದ್ಯ ಎದುರಾಳಿಗೆ. ಸಮಯದ ಮಿತಿ ನಿಯಮದಲ್ಲಿಲ್ಲ. ಹಾಳೆಯಲ್ಲಿ 5 ನಿಮಿಷ ಅಂತ ಬರೆಸಿ, ಗಡಿಯಾರ ನೋಡಿ, ಸ್ಕೋರರ್‌ಗೂ ಗಂಟೆ ಬರೆದುಕೊಳ್ಳಲು ಹೇಳಿ. ಇಲ್ಲದಿದ್ದರೆ ಯಾರೋ ಮುಖಂಡರು ಬಂದು ಮಾತಾಡಿ, ಅರ್ಧ ಗಂಟೆ ಹೋಗಿ, ಬೆಳಕು ಹೋಗಿ, ಪಂದ್ಯವೇ ಉಳಿಯಲ್ಲ.

ಸ್ಕೋರ್ ಟೇಬಲ್

ಒಂದು ಬಿಟ್ಟುಹೋಗಿದೆ. ಕೊನೆ ಓವರ್‌ನಲ್ಲಿ ಔಟಿಗಿಂತ ದೊಡ್ಡ ಗಲಾಟೆ ಆಗೋದು ರನ್ ಲೆಕ್ಕಕ್ಕೆ. ಆ್ಯಪ್ ಒಂದು ಹೇಳುತ್ತೆ, ಪುಸ್ತಕ ಇನ್ನೊಂದು. ಯಾವುದು ಅಧಿಕೃತ ಅಂತ ಮೊದಲೇ ಹೇಳಿ. ಪ್ರತಿ ಸಂಜ್ಞೆಗೂ ಸ್ಕೋರರ್ ಕೈ ಎತ್ತುವ ತನಕ ಮುಂದಿನ ಬಾಲ್ ಬಿಡಬೇಡಿ. ಪ್ರತಿ ಎರಡು ಓವರ್‌ಗೆ ಸ್ಕೋರ್ ಮೈಕಲ್ಲಿ ಓದಿಸಿ. ಬಾಲ್ ಎಣಿಸೋಕೆ ಆರು ಸಣ್ಣ ಕಲ್ಲು ಜೇಬಲ್ಲಿರಲಿ. ಲೆಕ್ಕ ತಪ್ಪಿ ಐದಕ್ಕೇ ಓವರ್ ಮುಗಿಸಿದರೂ ಅಂಪೈರ್ ಎಣಿಸಿದ್ದೇ ಓವರ್, ಆಮೇಲೆ ಸೇರಿಸೋ ಹಾಗಿಲ್ಲ.

ಅಂಪೈರ್ ಫೀಸು ಬೆಳಿಗ್ಗೆಯೇ ಕಮಿಟಿ ಕೈಯಿಂದ ತಗೊಳ್ಳಿ, ಗೆದ್ದ ತಂಡದಿಂದ ಅಲ್ಲ. ಮಧ್ಯಾಹ್ನದ ಊಟ ಯಾವ ತಂಡದ ಜೊತೆಗೂ ಬೇಡ. ಜನ ಹಗ್ಗ ದಾಟಿ ಒಳಗೆ ಬಂದರೆ ತಕ್ಷಣ ‘ಟೈಮ್’. ಅವರನ್ನು ಹೊರಗೆ ಕಳಿಸೋದು ಕಮಿಟಿ ಕೆಲಸ, ನೀವು ಕೈ ಹಾಕಬೇಡಿ. ಕೈಮಾಡಿದರೆ 112. ಏನೇ ಆದರೂ ಅವತ್ತೇ ಒಂದು ಹಾಳೆಯಲ್ಲಿ ಎಷ್ಟನೇ ಓವರ್, ಎಷ್ಟನೇ ಬಾಲ್, ಸ್ಕೋರ್, ಯಾರು, ಯಾವ ಮಾತು ಅಂತ ಬರೆದು ಇಬ್ಬರೂ ಸಹಿ ಹಾಕಿ ಕಮಿಟಿಗೆ ಕೊಡಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.